ಕಚೇರಿಯಲ್ಲಿ ಕ್ಯಾಮೆರಾ

ಬಾನುಲಿಯ ಮುಂದೆ ಕುಳಿತು ಛಾಯಾಚಿತ್ರದ ವಿಷಯ ಮಾತನಾಡುವುದು ಒಂದು ವಿಚಿತ್ರವಾದ ಕೆಲಸ. ನಾನು ಹೇಳಹೊರಟಿರುವ ಚಿತ್ರಗಳಲ್ಲಿ ಒಂದನ್ನೂ ನೀವು ನೋಡಲಾರಿರಿ. ಸಂಗೀತ ಕಚೇರಿಯ ಛಾಯಾಚಿತ್ರ ತೆಗೆಯುವುದೂ ಅಷ್ಟೇ ವಿಚಿತ್ರವಾದುದು. ಆ ಚಿತ್ರದಿಂದ ಒಂದು ಸ್ವರವೂ ಹೊರಡುವುದಿಲ್ಲ. ಕಣ್ಣಿನ ವಸ್ತುವನ್ನು ಕಿವಿಗೂ ಕಿವಿಯ ವಸ್ತುವನ್ನು ಕಣ್ಣಿಗೂ ಒಪ್ಪಿಸುವ ಈ ಎರಡು ಸಾಹಸಗಳೂ ನನಗೆ ಅರವತ್ತು ತುಂಬಿದ ಮೇಲೆ ಗಂಟುಬಿದ್ದವು. ಮೊದಲನೆಯದನ್ನು ಈಗ ನಡೆಸುತ್ತಿದ್ದೇನೆ. ಎರಡನೆಯದರಲ್ಲಿ ನಾನು ಪಟ್ಟ ಪಾಡನ್ನೂ ಕಲಿತ ಒಂದು ಪಾಠವನ್ನೂ ತಮ್ಮ ಮುಂದೆ ಅರಿಕೆಮಾಡಿಕೊಳ್ಳುತ್ತೇನೆ.

೨೦೧೮ರಲ್ಲಿ ನಾನು ಕಾಲೇಜಿನ ಸೇವೆಯಿಂದ ನಿವೃತ್ತನಾದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಂಪ ರನ್ನರನ್ನು ಪಾಠ ಹೇಳಿದವನಿಗೆ ಇನ್ನು ಹೊತ್ತು ಹೋಗುವುದು ಹೇಗೆ ಎಂಬ ಚಿಂತೆ ನನಗಿಂತ ಹೆಚ್ಚಾಗಿ ನನ್ನ ಮಗಳನ್ನು ಕಾಡಿತು. ಅವಳು ಒಂದು ಕ್ಯಾಮೆರಾ ತಂದುಕೊಟ್ಟಳು. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡುತ್ತಾ ಹಕ್ಕಿಗಳ ಚಿತ್ರ ತೆಗೆಯಲಿ, ಕಾಲಿಗೂ ವ್ಯಾಯಾಮವಾದೀತು ಎಂಬುದು ಅವಳ ಸದುದ್ದೇಶ. ಹಕ್ಕಿಗಳು ನನ್ನೊಡನೆ ಸಹಕರಿಸಲಿಲ್ಲ. ನಾನು ಕ್ಯಾಮೆರಾವನ್ನು ಕಣ್ಣಿಗೆ ಏರಿಸುವಷ್ಟರಲ್ಲಿ ಅವು ಕೆರೆಯ ಆಚೆ ದಡ ಸೇರಿರುತ್ತಿದ್ದವು. ಆಗ ನನಗೆ ಹೊಳೆಯಿತು: ಮೂರು ಗಂಟೆಯ ಕಾಲ ಒಂದೇ ಕಡೆ ಕುಳಿತು, ಬೇಕಾದಷ್ಟು ಭಾವಗಳನ್ನು ಮುಖದ ಮೇಲೆ ತಾಳುವ ಜೀವಿಗಳು ನಮ್ಮ ಊರಿನಲ್ಲಿ ಬೇರೆ ಉಂಟಲ್ಲ, ಸಂಗೀತ ವಿದ್ವಾಂಸರು! ಮೈಸೂರಿನವನಾದ ನನಗೆ ಸಂಜೆಯ ಹೊತ್ತು ಕಚೇರಿ ಕೇಳುವುದು ಬಾಲ್ಯದಿಂದ ಬಂದ ಅಭ್ಯಾಸ. ವಾಣೀವಿಲಾಸ ಮೊಹಲ್ಲದ ಎಂಟನೆಯ ಅಡ್ಡರಸ್ತೆಯಲ್ಲಿ ಗಣೇಶನ ಹಬ್ಬಕ್ಕೆ ಚಪ್ಪರ ಹಾಕಿ ನಡೆಸುವ ಕಚೇರಿಗಳನ್ನು ನೀವು ಕೇಳಿಯೇ ಇರುತ್ತೀರಿ. ದಸರೆಯ ದಿನಗಳಲ್ಲಿ ಅರಮನೆಯ ಅಂಗಳ. ಉಳಿದ ದಿನಗಳಲ್ಲಿ ಬಡಾವಣೆಗೊಂದರಂತೆ ಇರುವ ಚಿಕ್ಕ ಸಭೆಗಳು. ಹಕ್ಕಿಯನ್ನು ಬಿಟ್ಟು ನಾನು ಹಾಡನ್ನು ಹಿಡಿಯಹೊರಟೆ.

ನನ್ನ ಬೀದಿಯಲ್ಲಿಯೇ, ನಾಲ್ಕು ಮನೆಗಳಾಚೆ, ಒಬ್ಬ ಮೃದಂಗ ವಿದ್ವಾಂಸರಿದ್ದರು. ಹಗಲು ಬ್ಯಾಂಕಿನಲ್ಲಿ ಗುಮಾಸ್ತಿಕೆ, ಸಂಜೆ ಮೃದಂಗ, ಹೀಗೆ ನಲವತ್ತು ವರ್ಷ ಎರಡು ಬಾಳನ್ನು ಒಟ್ಟಿಗೆ ಬಾಳಿದವರು. ಹೆಸರುವಾಸಿಯಾದವರಲ್ಲ, ಆದರೆ ಹೊರ ಊರಿನ ಗಾಯಕರು ಬಂದಾಗ, ನಿಗದಿಯಾಗಿದ್ದವರಿಗೆ ಜ್ವರ ಬಂದಾಗ, ಹೊಸ ಹುಡುಗಿಯೊಬ್ಬಳು ಮೊದಲ ಬಾರಿ ವೇದಿಕೆ ಹತ್ತಿದಾಗ, ಸಭೆಯವರು ಹುಡುಕಿಕೊಂಡು ಬರುತ್ತಿದ್ದುದು ಅವರ ಮನೆಗೆ. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿಸಿಕೊಳ್ಳಲು ಅವರು ಎಂದೂ ಆಸೆಪಟ್ಟವರಲ್ಲ.

ನನ್ನ ಮೊದಲ ಸಂಜೆಯ ಕಥೆ ಹೀಗೆ. ಗಾಯಕರು ಕಣ್ಣುಮುಚ್ಚಿ ಆಲಾಪನೆಯನ್ನು ಮಂದ್ರದಿಂದ ಎತ್ತುತ್ತಿದ್ದರು. ಸಭೆ ನಿಶ್ಶಬ್ದ. ನಾನು ಮೆಲ್ಲನೆ ಗುಂಡಿಯನ್ನು ಒತ್ತಿದೆ. ಬೆಳಕು ಸಾಲದೆಂದು ತನ್ನಷ್ಟಕ್ಕೆ ತಾನೇ ತೀರ್ಮಾನಿಸಿದ ಆ ಯಂತ್ರ ನೆತ್ತಿಯ ಮೇಲಿನ ದೀಪವನ್ನು ಟಪ್ಪೆಂದು ಎತ್ತಿ ಮಿಂಚು ಹೊಡೆಯಿತು. ಗಾಯಕರು ಕಣ್ಣು ತೆರೆದರು. ಸಭೆಯ ಇನ್ನೂರು ಕಣ್ಣುಗಳು ನನ್ನ ಕಡೆ ತಿರುಗಿದವು. ತರಗತಿಯಲ್ಲಿ ಪಾಠದ ನಡುವೆ ಎಡವಟ್ಟು ಮಾಡಿದ ಎಷ್ಟೋ ಹುಡುಗರನ್ನು ನಾನು ಅದೇ ನೋಟದಿಂದ ನೋಡಿದ್ದೆ. ಆ ನೋಟದ ಕೆಳಗೆ ಕುಳಿತವನ ಸಂಕಟ ಏನೆಂಬುದು ಅಂದು ಗೊತ್ತಾಯಿತು.

ಮಿಂಚುದೀಪವನ್ನು ಅಂದೇ ಅಡಗಿಸಿದೆ. ಆಮೇಲೆ ಉಳಿದದ್ದು ಕತ್ತಲೆ. ಆ ಸಂಜೆ ನಾನು ತೆಗೆದ ಚಿತ್ರಗಳು ೨೧೨. ಅವುಗಳಲ್ಲಿ ಕೆಲವು ಬರಿಯ ಕಪ್ಪು. ಕೆಲವದರಲ್ಲಿ ಗಾಯಕರ ಬಿಳಿಯ ಜುಬ್ಬ ಮಾತ್ರ ಉರಿಯುವಂತೆ ಬೆಳಗಿ ಮುಖದ ಗುರುತೇ ಇರಲಿಲ್ಲ. ಹಲವದರಲ್ಲಿ ಧ್ವನಿವರ್ಧಕದ ಮೈಕು ಕಡೆದಿಟ್ಟ ಶಿಲ್ಪದಂತೆ ಸ್ಪಷ್ಟವಾಗಿತ್ತು. ಅದರ ಹಿಂದೆ ವಿದ್ವಾಂಸರು ಮಂಜಿನಲ್ಲಿ ಕರಗಿಹೋಗಿದ್ದರು. ಮುಖ ಸರಿಯಾಗಿ ಮೂಡಿದ ಐದಾರು ಚಿತ್ರಗಳಲ್ಲಿ ಅವರ ಬಾಯಿ ತಾರಸ್ಥಾಯಿಯ ನಟ್ಟನಡುವೆ ಸಿಕ್ಕಿಬಿದ್ದು, ಹಲ್ಲುನೋವಿನಿಂದ ನರಳುವವರಂತೆ ಕಾಣುತ್ತಿದ್ದರು. ಕಿವಿಗೆ ಅಮೃತವಾದ ಗಳಿಗೆ ಕಣ್ಣಿಗೆ ಅಮೃತವಾಗಿಯೇ ಇರಬೇಕೆಂದಿಲ್ಲ.

ಪುಸ್ತಕಗಳನ್ನು ತಂದು ಓದಿದೆ. ಬೆಳಕಿನ ಲೆಕ್ಕಾಚಾರ ನಿವೃತ್ತನ ಸಂಸಾರವಿದ್ದಂತೆ ಎಂದು ತಿಳಿಯಿತು. ವರಮಾನ ನಿಗದಿ, ಒಂದು ಕಡೆ ಹೆಚ್ಚು ವ್ಯಯಮಾಡಿದರೆ ಇನ್ನೊಂದು ಕಡೆ ಹಿಡಿತಮಾಡಬೇಕು. ಲೆನ್ಸಿನ ಕಿಂಡಿಯನ್ನು ದೊಡ್ಡದಾಗಿ ತೆರೆದರೆ ಬೆಳಕು ಹೆಚ್ಚು ಬರುತ್ತದೆ, ಆದರೆ ಸ್ಪಷ್ಟವಾಗಿ ಕಾಣುವ ಆಳ ಕಡಮೆಯಾಗುತ್ತದೆ. ಮೈಕು ನಿಚ್ಚಳವಾಗಿ ಮುಖ ಮಸುಕಾದುದು ಇದರಿಂದ. ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಚಲಿಸುವುದೆಲ್ಲ ಕದಡುತ್ತದೆ; ಸೆಕೆಂಡಿನ ಅರವತ್ತರಲ್ಲಿ ಒಂದು ಪಾಲು ಗಾಯಕರ ಮುಖಕ್ಕೆ ಸಾಕಾದರೂ ಮೃದಂಗದ ಬೆರಳುಗಳಿಗೆ ಇನ್ನೂರೈವತ್ತರಲ್ಲಿ ಒಂದು ಪಾಲು ಕೂಡ ಒಮ್ಮೊಮ್ಮೆ ಸಾಲದು. ಐಎಸ್‌ಒ ಎಂಬ ಗ್ರಹಣಶಕ್ತಿಯನ್ನು ೩೨೦೦ಕ್ಕೆ ಏರಿಸಿದರೆ ಕತ್ತಲೆ ತಿಳಿಯಾಗುತ್ತದೆ, ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಕ್ಯಾಮೆರಾದೊಡನೆ ಬಂದಿದ್ದ ಲೆನ್ಸು ದೂರದ ನೋಟಕ್ಕೆ ಎಫ್ ೫.೬ಕ್ಕಿಂತ ಅಗಲವಾಗಿ ಕಣ್ಣು ತೆರೆಯುತ್ತಿರಲಿಲ್ಲ. ಎಫ್ ೧.೮ರಷ್ಟು ತೆರೆಯುವ ೫೦ ಮಿಲಿಮೀಟರಿನ ಒಂದು ಸಾಧಾರಣ ಲೆನ್ಸನ್ನು ಕೊಂಡೆ. ಅದು ಸುಮಾರು ಒಂಬತ್ತು ಹತ್ತು ಪಾಲು ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಡುತ್ತದೆ. ಹೊಸದಾಗಿ ಕಲಿಯುವವರು ಯಾರಾದರೂ ಕೇಳುತ್ತಿದ್ದರೆ, ಇದೊಂದು ಖರ್ಚನ್ನು ಮಾಡಿ, ಉಳಿದುದನ್ನು ಮುಂದೂಡಿ ಎಂದು ಹೇಳಬಲ್ಲೆ.

ಭಾಷೆಯ ಮೇಷ್ಟರಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ೧೮೩೯ರಲ್ಲಿ ಈ ಕಲೆ ಬೆಳಕಿಗೆ ಬಂದಾಗ ಯೂರೋಪಿನವರು ಅದಕ್ಕೆ 'ಬೆಳಕಿನ ಬರಹ' ಎಂಬರ್ಥದ ಗ್ರೀಕ್ ಪದಗಳನ್ನು ಕೂಡಿಸಿ ಹೆಸರಿಟ್ಟರು. ನಾವು ಛಾಯಾಚಿತ್ರ, ಎಂದರೆ ನೆರಳಿನ ಚಿತ್ರ, ಎಂದು ಕರೆದೆವು. ಬಯಲಿನಲ್ಲಿ ಅವರ ಹೆಸರು ಒಪ್ಪುತ್ತದೆ. ಕಚೇರಿಯ ವೇದಿಕೆಯ ಮೇಲೆ ನಮ್ಮ ಹೆಸರೇ ಸರಿ. ರಾಗದ ಸ್ವರೂಪ ಸುಳಿದುಹೋಗುವುದನ್ನೂ ನಾವು ರಾಗಛಾಯೆ ಎಂದೇ ಅನ್ನುತ್ತೇವೆ. ಎರಡು ಛಾಯೆಗಳನ್ನೂ ಕೈಯಲ್ಲಿ ಹಿಡಿಯುವುದು ಕಷ್ಟ.

ನಮ್ಮ ಹಿರಿಯರ ಕಾಲದಲ್ಲಿ ಈ ಕಷ್ಟವನ್ನು ಯಾರೂ ಮೈಮೇಲೆ ಎಳೆದುಕೊಳ್ಳುತ್ತಿರಲಿಲ್ಲ. ವೀಣೆ ಶೇಷಣ್ಣನವರಂಥವರ ಕಾಲದ ಚಿತ್ರಗಳಲ್ಲಿ ವಿದ್ವಾಂಸರು ಪೇಟ ತೊಟ್ಟು, ವಾದ್ಯವನ್ನು ಹಿಡಿದು, ಬಿಗಿದ ಮುಖದಿಂದ ಕುಳಿತಿರುವುದನ್ನು ಕಾಣುತ್ತೇವೆ. ಆಗಿನ ಗಾಜಿನ ಫಲಕಗಳು ನಿಧಾನ. ಬೆಳಕಿಗಾಗಿ ಅಲುಗದೆ ಕೂರಬೇಕಾಗಿತ್ತು. ಬಿಗುವು ಅವರ ಸ್ವಭಾವವಲ್ಲ, ರಸಾಯನದ ದೋಷ. ೧೯೨೪ರಲ್ಲಿ ಜರ್ಮನಿಯಲ್ಲಿ ಎರ್ಮಾನಾಕ್ಸ್ ಎಂಬ ಕ್ಯಾಮೆರಾ ಬಂದು, ಎಫ್ ೨ರಷ್ಟು ಅಗಲವಾದ ಅದರ ಲೆನ್ಸಿನಿಂದ ಎರಿಕ್ ಸಾಲೊಮನ್ ಎಂಬಾತ ಮಿಂಚುದೀಪವಿಲ್ಲದೆ ಒಳಾಂಗಣದ ಸಭೆಗಳ ಚಿತ್ರ ತೆಗೆದು ಹೆಸರಾದ. ೧೯೪೦ರ ದಶಕದ ಕೊನೆಗೆ ನ್ಯೂಯಾರ್ಕಿನ ಜಾಜ್ ಕ್ಲಬ್ಬುಗಳಲ್ಲಿ ಹರ್ಮನ್ ಲೆನರ್ಡ್ ಕಲಾವಿದರ ಹಿಂದಿನಿಂದ ಬೆಳಕು ಬೀಳುವಂತೆ ಮಾಡಿ, ಸಿಗರೇಟಿನ ಹೊಗೆಯನ್ನೇ ಚಿತ್ರದ ಅಂಗವಾಗಿಸಿದ. ೧೯೪೮ರಲ್ಲಿ ಅವನು ತೆಗೆದ ಡೆಕ್ಸ್ಟರ್ ಗಾರ್ಡನ್ನನ ಚಿತ್ರದಲ್ಲಿ ಕಲಾವಿದ ಊದುತ್ತಿಲ್ಲ, ಸ್ಯಾಕ್ಸೊಫೋನನ್ನು ಮಡಿಲಲ್ಲಿಟ್ಟು ಸುಮ್ಮನೆ ಕುಳಿತಿದ್ದಾನೆ. ಈ ಚಿತ್ರವನ್ನು ಗ್ರಂಥಾಲಯದ ಪುಸ್ತಕದಲ್ಲಿ ಕಂಡಿದ್ದರೂ ಅದರ ಅರ್ಥ ನನಗೆ ಅಂದು ತಟ್ಟಲಿಲ್ಲ. ತಟ್ಟಿದ್ದರೆ ಒಳ್ಳೆಯದಾಗುತ್ತಿತ್ತು.

ನನ್ನ ಕದಡಿದ ಚಿತ್ರಗಳನ್ನು ನೆರೆಯ ಮೃದಂಗದ ಮಿತ್ರರಿಗೆ ತೋರಿಸಿದೆ. ಅವರಿಗೆ ಕ್ಯಾಮೆರಾದ ಗಂಧವಿಲ್ಲ. ಚಿತ್ರಗಳನ್ನು ಒಂದೊಂದಾಗಿ ನೋಡಿ, ತೊಡೆಯ ಮೇಲೆ ಆದಿತಾಳವನ್ನು ಒಂದು ಆವರ್ತ ಹಾಕಿ ಹೇಳಿದರು: "ಮೇಷ್ಟ್ರೇ, ಕೈ ಏಳುವಾಗಲೂ ಓಡುತ್ತದೆ, ಬೀಳುವಾಗಲೂ ಓಡುತ್ತದೆ. ಆದರೆ ಎದ್ದು ಬೀಳುವುದಕ್ಕೆ ಮುಂಚೆ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಪಿಟೀಲಿನ ಕಮಾನೂ ಅಷ್ಟೆ, ತುದಿಯಲ್ಲಿ ತಿರುಗುವಾಗ ನಿಂತೇ ತಿರುಗಬೇಕು. ನೀವು ತಾಳ ಹಾಕಿಕೊಂಡು ಕಾಯಿರಿ. ನಿಲ್ಲುವ ಜಾಗ ನಿಮಗೆ ಮೊದಲೇ ಗೊತ್ತಾಗುತ್ತದೆ."

ಯಾವ ಪುಸ್ತಕವೂ ಇದನ್ನು ಇಷ್ಟು ಸರಳವಾಗಿ ನನಗೆ ಹೇಳಿರಲಿಲ್ಲ. ಮುಂದಿನ ಕಚೇರಿಯಲ್ಲಿ ಎಡಗೈಯಲ್ಲಿ ಕ್ಯಾಮೆರಾವನ್ನು ಆತು ಹಿಡಿದು, ಕಾಲ್ಬೆರಳಿನಲ್ಲಿ ತಾಳ ಹಾಕುತ್ತಾ ಕಾದೆ. ಪಿಟೀಲು ವಿದುಷಿಯ ಕಮಾನು ತುದಿಮುಟ್ಟಿ ತಿರುಗುವ ಕ್ಷಣಕ್ಕೆ ಗುಂಡಿ ಒತ್ತಿದೆ. ಕಮಾನಿನ ಕೂದಲು ಎಣಿಸುವಷ್ಟು ಸ್ಪಷ್ಟವಾಗಿತ್ತು. ಗಾಯಕರು ಸಾಲನ್ನು ಮುಗಿಸಿ, ಬಾಯಿ ಮುಚ್ಚಿ, ತಾವೇ ಹಾಡಿದುದರ ಕಡೆಗೆ ಕಿವಿಗೊಡುವಂತೆ ಅರೆಕ್ಷಣ ಸುಮ್ಮನಿರುವುದುಂಟಷ್ಟೆ. ಆ ಮುಖವೂ ಸಿಕ್ಕಿತು. ಆ ರಾತ್ರಿ ನನ್ನ ಸಂತೋಷಕ್ಕೆ ಪಾರವಿರಲಿಲ್ಲ.

ಆದರೆ ವಿದ್ಯೆ ಬರುತ್ತ ಬರುತ್ತ ಸಂಗೀತ ಹೋಗತೊಡಗಿತು. ಮನೆಗೆ ಬಂದಾಗ ಹೆಂಡತಿ "ಇವತ್ತು ಪ್ರಧಾನ ರಾಗ ಯಾವುದು?" ಎಂದು ಕೇಳಿದರೆ ನೆನಪಿರುತ್ತಿರಲಿಲ್ಲ. ಷಟರಿನ ವೇಗ ಮಾತ್ರ ನೆನಪಿರುತ್ತಿತ್ತು. ಇನ್ನೊಂದು ತೊಂದರೆ ಸದ್ದಿನದು. ನನ್ನ ಕ್ಯಾಮೆರಾದೊಳಗೆ ಒಂದು ಕನ್ನಡಿಯುಂಟು. ಪ್ರತಿ ಚಿತ್ರಕ್ಕೂ ಅದು ಮೇಲಕ್ಕೆ ಹಾರಿ ಕೆಳಕ್ಕೆ ಬೀಳುತ್ತದೆ. ಸಂತೆಯಲ್ಲಿ ಕೇಳಿಸದ ಆ ಸದ್ದು ಸಭೆಯಲ್ಲಿ ಅಡಕೆ ಕತ್ತರಿಸಿದಂತೆ ಕೇಳುತ್ತದೆ. ಒಂದು ಸಂಜೆ ಪಕ್ಕದಲ್ಲಿದ್ದ ವೃದ್ಧ ಶ್ರೋತೃವೊಬ್ಬರು ನನ್ನ ಮೊಣಕೈ ಮುಟ್ಟಿ, "ಸ್ವಾಮೀ, ಹಾಡುವವರು ಒಂದು ತಾಳದಲ್ಲಿದ್ದಾರೆ, ನೀವು ಇನ್ನೊಂದು ತಾಳದಲ್ಲಿದ್ದೀರಿ" ಎಂದರು. ಪಾಶ್ಚಾತ್ಯರ ರಾಕ್ ಕಚೇರಿಗಳಲ್ಲಿ ಛಾಯಾಗ್ರಾಹಕರಿಗೆ ಸಾಮಾನ್ಯವಾಗಿ ಮೊದಲ ಮೂರು ಹಾಡುಗಳ ತನಕ ಮಾತ್ರ ಅನುಮತಿ, ಅದೂ ಮಿಂಚುದೀಪವಿಲ್ಲದೆ. ನಾನು ನನಗೇ ಒಂದು ಕಟ್ಟಳೆ ಹಾಕಿಕೊಂಡೆ: ಆಲಾಪನೆಯಲ್ಲಿ ಕ್ಯಾಮೆರಾ ಎತ್ತಕೂಡದು, ಮೃದಂಗ ಸೇರಿ ನಾದ ತುಂಬಿಕೊಂಡಾಗ ಮಾತ್ರ ಎತ್ತಬೇಕು. ನನ್ನ ಸದ್ದನ್ನು ಮುಚ್ಚಲು ಮೃದಂಗ ನನಗೆ ಬೇಕಾಯಿತು ಎಂಬುದನ್ನು ತಾವು ಗಮನಿಸಬೇಕು.

ಇನ್ನು ನಾನು ಕೂರುತ್ತಿದ್ದ ಜಾಗದ ವಿಷಯ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಸಾಮಾನ್ಯವಾಗಿ ಗಾಯಕರ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ನಾವು ಎದುರಿಗೆ ಕುಳಿತವರಾದ್ದರಿಂದ ನಮಗೆ ಮೃದಂಗ ಎಡಗಡೆ ಕಾಣುತ್ತದೆ. ಬಲಗೈಯಲ್ಲಿ ನುಡಿಸುವವರ ಬಲಂತಲೆ ಸಭೆಯ ಕಡೆಗೆ ತಿರುಗಿದ್ದು ಅದರ ನಾದ ನಮಗೆ ನೇರವಾಗಿ ತಲಪಲಿ ಎಂಬುದು ಈ ಏರ್ಪಾಡಿನ ಮರ್ಮ. ನಾನು ಪ್ರತಿ ಸಂಜೆಯೂ ಎಡಬದಿಯ ಗೋಡೆಗೆ ಒರಗಿ ಕೂರುತ್ತಿದ್ದೆ. ಅಲ್ಲಿಂದ ಮೈಕಿನ ಅಡ್ಡಿಯಿಲ್ಲದೆ ಗಾಯಕರ ಮುಖ ಸಿಗುತ್ತದೆ; ಪಿಟೀಲಿನವರಂತೂ ನನ್ನ ಕಡೆಗೇ ತಿರುಗಿ ಕುಳಿತಿರುತ್ತಾರೆ. ಮೃದಂಗದವರ ಬೆನ್ನು ಮಾತ್ರ ಕಾಣುತ್ತದೆ. ಆ ಬೆನ್ನು ಎಷ್ಟೋ ಸಲ ನನ್ನ ಚಿತ್ರದ ಅಂಚಿನೊಳಗೆ ಬಂದು ಅಡ್ಡಿಯಾಗುತ್ತಿತ್ತು. ನಾನು ಕ್ಯಾಮೆರಾವನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ ಅದನ್ನು ಹೊರಗಿಡುತ್ತಿದ್ದೆ.

ಪ್ರಧಾನ ಕೀರ್ತನೆಯಾದ ಮೇಲೆ ತನಿ ಆವರ್ತನ. ಗಾಯಕರೂ ಪಿಟೀಲೂ ಸುಮ್ಮನಾಗಿ, ಲಯವಾದ್ಯದವರು ತಮ್ಮ ಪಾಂಡಿತ್ಯವನ್ನೆಲ್ಲ ತೆರೆದಿಡುವ ಹತ್ತು ಹದಿನೈದು ನಿಮಿಷ. ಆಗ ನಮ್ಮ ಸಭೆಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಸಭೆ ಕಾಫಿಗೆ ಏಳುತ್ತದೆ. ಅವರೊಡನೆ ನಾನೂ ಏಳುತ್ತಿದ್ದೆ. ಆ ಬಿಡುವಿನಲ್ಲಿ ಬ್ಯಾಟರಿ ಬದಲಾಯಿಸಿ, ತೆಗೆದ ಚಿತ್ರಗಳನ್ನು ಬಾಗಿಲ ಬಳಿ ನಿಂತು ಪರಿಶೀಲಿಸುತ್ತಿದ್ದೆ. ಒಳಗಿನಿಂದ ನನ್ನ ಮಿತ್ರರ ಮೃದಂಗ ಕೇಳುತ್ತಿತ್ತು. ಅವರು ಹೇಳಿಕೊಟ್ಟ ಉಪಾಯದಿಂದ ತೆಗೆದ ಕಮಾನಿನ ಚಿತ್ರವನ್ನು ಕಾಫಿ ಕುಡಿಯುವವರಿಗೆ ತೋರಿಸಿ ಭೇಷ್ ಎನಿಸಿಕೊಳ್ಳುತ್ತಿದ್ದೆ.

೨೦೧೯ರ ಗಣೇಶನ ಹಬ್ಬದ ಮಾರನೆಯ ವಾರ ಅವರು ನಮ್ಮ ಮನೆಗೆ ಬಂದಿದ್ದಾಗ, ಆ ವರ್ಷದ ಚಿತ್ರಗಳನ್ನು ತೋರಿಸಿದೆ. ಎಲ್ಲವನ್ನೂ ನೋಡಿದರು, ಮೆಚ್ಚಿದರು. ಏಳುವಾಗ ಚಪ್ಪಲಿ ಮೆಟ್ಟುತ್ತಾ, ನಗುನಗುತ್ತಲೇ ಕೇಳಿದರು: "ನಾನು ಎಲ್ಲಾದರೂ ಬಿದ್ದಿದ್ದೇನೆಯೇ, ಮೇಷ್ಟ್ರೇ?"

"ಮುಂದಿನ ಸಲ ನಿಮ್ಮದೇ ತೆಗೆಯುತ್ತೇನೆ" ಎಂದೆ.

ಮುಂದಿನ ಸಲ ಬರಲಿಲ್ಲ. ೨೦೨೦ರ ಮಾರ್ಚಿನಲ್ಲಿ ಕೊರೊನಾದಿಂದ ಸಭೆಗಳ ಬಾಗಿಲು ಮುಚ್ಚಿತು. ೨೦೨೧ರ ಬೇಸಿಗೆಯ ಎರಡನೆಯ ಅಲೆಯಲ್ಲಿ ನನ್ನ ಮಿತ್ರರು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ನಾಲ್ಕು ಮನೆಗಳಾಚೆ ಇದ್ದ ನಾನು ಅವರ ಮುಖವನ್ನು ಕೊನೆಯ ಸಲ ನೋಡಲೂ ಆಗಲಿಲ್ಲ.

ಹನ್ನೆರಡು ದಿನಗಳಾದ ಮೇಲೆ ಅವರ ಮಗ ಬಂದು ಗೇಟಿನಾಚೆಯೇ ನಿಂತು ಮಾತನಾಡಿದ. ಗೋಡೆಗೆ ಹಾಕಲು ಒಂದು ಚಿತ್ರ ಬೇಕು. ಇರುವುದು ಬ್ಯಾಂಕಿನ ಗುರುತುಚೀಟಿಯ ಪಟ ಮತ್ತು ಮದುವೆಮನೆಗಳ ಗುಂಪುಚಿತ್ರ. "ಅಮ್ಮನಿಗೆ ಮೃದಂಗದ ಮುಂದೆ ಇರುವುದು ಬೇಕಂತೆ. ನಿಮ್ಮ ಹತ್ತಿರ ಬೇಕಾದಷ್ಟು ಇರಬೇಕಲ್ಲ, ಮೇಷ್ಟ್ರೇ" ಎಂದ.

ಆ ರಾತ್ರಿ ನಾನು ಎರಡು ವರ್ಷಗಳ ಚಿತ್ರಗಳನ್ನು ಮೊದಲಿನಿಂದ ನೋಡುತ್ತಾ ಹೋದೆ. ಸಾವಿರಾರು ಚಿತ್ರಗಳು. ಅವರು ನುಡಿಸಿದ ಹದಿನಾಲ್ಕು ಕಚೇರಿಗಳಿಗೆ ನಾನು ಹೋಗಿದ್ದೆ. ಅವರ ಭುಜವಿತ್ತು, ಬೆನ್ನಿತ್ತು, ಅಂಗವಸ್ತ್ರದ ಜರಿಯಂಚಿತ್ತು. ಒಂದರಲ್ಲಿ ಎತ್ತಿದ ಬಲಗೈ ಮಾತ್ರವಿತ್ತು, ಮಣಿಕಟ್ಟಿನವರೆಗೆ. ಮುಖವಿರಲಿಲ್ಲ. ಒಂದು ಕಡೆಯಲ್ಲಂತೂ ಅವರ ಕಿವಿಯನ್ನು ಚಿತ್ರದಿಂದ ಹೊರಗೆ ಕತ್ತರಿಸಿದ್ದವನು ನಾನೇ. ಸೊಗಸಿಗಾಗಿ, ಮನೆಯಲ್ಲಿ ಕುಳಿತು, ಕಂಪ್ಯೂಟರಿನ ಮೇಲೆ ಕತ್ತರಿಸಿದ್ದೆ. ಬೆಳಗಿನ ಜಾವ ಎರಡು ಗಂಟೆಗೆ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ಕುಳಿತೆ.

ಕೊನೆಗೆ ಒಂದು ಸಿಕ್ಕಿತು. ಅದನ್ನು ನಾನು ಚಿತ್ರವೆಂದು ತೆಗೆದಿರಲಿಲ್ಲ. ಕಚೇರಿ ಪ್ರಾರಂಭವಾಗುವ ಮುನ್ನ, ಬೆಳಕಿನ ಅಳತೆ ನೋಡುವುದಕ್ಕೆಂದು, ಸಭಾಂಗಣದ ಬಲಬದಿಯಲ್ಲಿ ನಡೆದುಹೋಗುತ್ತಾ ವೇದಿಕೆಯ ಕಡೆ ಸುಮ್ಮನೆ ಒತ್ತಿದ್ದ ಒಂದು ಪರೀಕ್ಷೆ. ಅಳಿಸಬೇಕಾಗಿದ್ದುದು, ಮರೆವಿನಿಂದ ಉಳಿದಿತ್ತು. ಪರದೆಯ ಮುಂದೆ ಅವರೊಬ್ಬರೇ ಕುಳಿತಿದ್ದಾರೆ. ಎಡಂತಲೆಗೆ ರವೆಯ ಕಣಕವನ್ನು ಆಗಷ್ಟೇ ಮೆತ್ತಿದ್ದಾರೆ; ಬೆರಳಿಗೆ ಅದು ಅಂಟಿಕೊಂಡಿದೆ. ಬಲಗೈಯಲ್ಲಿ ಶ್ರುತಿ ಮಾಡುವ ಚಿಕ್ಕ ಕಲ್ಲು. ಮುಚ್ಚಿಗೆಯ ಅಂಚನ್ನು ತಟ್ಟಿ, ಕತ್ತನ್ನು ಬಗ್ಗಿಸಿ, ನಾದ ತಂಬೂರಿಗೆ ಕೂಡಿತೇ ಎಂದು ಕೇಳುತ್ತಿದ್ದಾರೆ. ಮುಖ ಪೂರ್ತಿಯಾಗಿ ಕಾಣುತ್ತದೆ. ಬಣ್ಣ ತುಸು ಹಳದಿ, ಭುಜದ ಮೇಲೆ ಮೈಕಿನ ಕಂಬದ ನೆರಳು. ಅಳತೆ ನೋಡಲು ತೆಗೆದದ್ದಾದ್ದರಿಂದ ಅಳತೆಯೂ ತಪ್ಪಿತ್ತು.

ತೋರಿಸಲು ನಾಚಿಕೆಯಾಯಿತು, ಆದರೂ ಮುದ್ರಿಸಿ ಕೊಟ್ಟೆ. ಅವರ ಪತ್ನಿ ಬಹಳ ಹೊತ್ತು ನೋಡಿದರು. "ಬೆಳಿಗ್ಗೆ ಹೀಗೆಯೇ ಕೂತಿರುತ್ತಿದ್ದರು. ಕಾಫಿ ಆರುತ್ತದೆ ಎಂದರೂ ಕೇಳಿಸುತ್ತಿರಲಿಲ್ಲ" ಎಂದರು. ಆ ಚಿತ್ರ ಈಗ ಅವರ ನಡುಮನೆಯಲ್ಲಿದೆ. ಹೋದಾಗಲೆಲ್ಲ ಆ ಕಂಬದ ನೆರಳು ನನ್ನ ಕಣ್ಣಿಗೆ ಚುಚ್ಚುತ್ತದೆ. ಮನೆಯವರಿಗೆ ಅದು ಕಂಡಂತಿಲ್ಲ.

ನಮ್ಮ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರು ದೇಶವೇ ಬಲ್ಲ ಛಾಯಾಗ್ರಾಹಕರಾಗಿದ್ದರು. 'ಕಾಲಕ್ಕೆ ಕನ್ನಡಿ' ಅವರ ನೆನಪುಗಳ ಪುಸ್ತಕ. ದೊಡ್ಡವರ ಚಿತ್ರಗಳನ್ನೂ ತೆಗೆದ ಸತ್ಯನ್, ಹೆಚ್ಚಾಗಿ ಮನಸ್ಸಿಟ್ಟು ನೋಡಿದ್ದು ಸಾಮಾನ್ಯ ಜನರನ್ನು, ಮಕ್ಕಳನ್ನು, ದಿನದ ಕೆಲಸದಲ್ಲಿ ತೊಡಗಿದವರನ್ನು. ಅವರ ಚಿತ್ರಗಳನ್ನು ನಾನು ಮೊದಲೇ ನೋಡಿದ್ದೆ, ಕೊಂಡಾಡಿಯೂ ಇದ್ದೆ. ಆದರೆ ಕ್ಯಾಮೆರಾ ಕೈಗೆ ಬಂದೊಡನೆ ಹೊಸಬನ ಕಣ್ಣು ದೀಪ ಎಲ್ಲಿ ಹೆಚ್ಚಾಗಿದೆಯೋ ಅಲ್ಲಿಗೆ ಓಡುತ್ತದೆ, ವೇದಿಕೆಯ ನಡುವಿಗೆ. ನನ್ನ ಕಣ್ಣು ಎರಡು ವರ್ಷ ಅಲ್ಲಿಂದ ಕದಲಲಿಲ್ಲ. ಗಾಯಕರ ಮುಖದಲ್ಲಿ ನಾನು ಮೆಚ್ಚಿ ಹಿಡಿದ ಎಷ್ಟೋ ಮುಗುಳುನಗೆಗಳು ಯಾರ ಕಡೆ ನೋಡಿ ಮೂಡಿದವು ಎಂಬ ಪ್ರಶ್ನೆ ನನಗೆ ಹುಟ್ಟಲೇ ಇಲ್ಲ. ಪಲ್ಲವಿಯ ಎಡುಪಿಗೆ ಸರಿಯಾಗಿ ಬಂದು ಕೂಡಿದ ಒಂದು ಮುಕ್ತಾಯಕ್ಕೆ ಗಾಯಕರು ಬಲಕ್ಕೆ ತಿರುಗಿ ನಕ್ಕಿದ್ದರು. ಆ ನಗೆ ನನ್ನ ಬಳಿ ಇದೆ. ಅದಕ್ಕೆ ಕಾರಣರಾದವರು ಇಲ್ಲ.

ಸಭೆಗಳು ಮತ್ತೆ ತೆರೆದ ಮೇಲೆ ನಾನು ಜಾಗ ಬದಲಾಯಿಸಿದೆ. ಈಗ ಬಲಬದಿಯಲ್ಲಿ ಕೂರುತ್ತೇನೆ. ಅಲ್ಲಿಂದ ಮೈಕು ಗಾಯಕರ ಬಾಯಿಗೆ ಅಡ್ಡ ಬರುವುದುಂಟು, ಪಿಟೀಲಿನವರ ಬೆನ್ನು ಕಾಣುವುದುಂಟು; ಆದ್ದರಿಂದ ಅರ್ಧ ಕಚೇರಿಗೆ ಎದ್ದು, ಕೀರ್ತನೆಗಳ ನಡುವಣ ಬಿಡುವಿನಲ್ಲಿ, ಹಿಂದಿನ ಸಾಲಿನಿಂದ ಸುತ್ತಿಕೊಂಡು ಎಡಕ್ಕೆ ಹೋಗುತ್ತೇನೆ. ಕನ್ನಡಿಯಿಲ್ಲದ, ಸದ್ದೇ ಮಾಡದ ಹೊಸ ಬಗೆಯ ಕ್ಯಾಮೆರಾವನ್ನು ೨೦೨೩ರಲ್ಲಿ ಒಬ್ಬ ಹಳೆಯ ಶಿಷ್ಯನಿಂದ ಎರವಲು ತಂದು ನೋಡಿದೆ. ಈಗಿನ ಎಲ್‌ಇಡಿ ದೀಪಗಳ ಕೆಳಗೆ ಆ ನಿಶ್ಶಬ್ದ ಷಟರು ಚಿತ್ರದ ಮೇಲೆ ಅಡ್ಡಡ್ಡ ಪಟ್ಟೆಗಳನ್ನು ಎಳೆಯಿತು. ನಮ್ಮ ಕಣ್ಣಿಗೆ ಕಾಣದಂತೆ ಆ ದೀಪಗಳು ಮಿನುಗುತ್ತಿರುವುದೇ ಇದಕ್ಕೆ ಕಾರಣವಂತೆ. ಹಿಂದಿರುಗಿಸಿ, ನನ್ನ ಅಡಕೆಕತ್ತರಿಗೇ ಮರಳಿದ್ದೇನೆ. ಒಂದು ಕಚೇರಿಗೆ ಮೂವತ್ತು ಚಿತ್ರ, ಅದಕ್ಕಿಂತ ಹೆಚ್ಚಿಲ್ಲ. ಉಳಿದ ಹೊತ್ತು ಕೇಳುತ್ತೇನೆ. ಪ್ರಧಾನ ರಾಗ ಯಾವುದೆಂದು ಈಗ ಮನೆಯಲ್ಲಿ ಹೇಳಬಲ್ಲೆ.

ಕಚೇರಿ ಮುಗಿದ ವಾರದೊಳಗೆ ಪಕ್ಕವಾದ್ಯದ ಪ್ರತಿಯೊಬ್ಬರಿಗೂ, ತಂಬೂರಿ ಹಿಡಿದ ಹುಡುಗಿಗೂ, ಒಂದೊಂದು ಚಿತ್ರವನ್ನು ಮುದ್ರಿಸಿ ಕಳುಹಿಸುತ್ತೇನೆ. ಮುಂದಿನ ಸಲ ಎಂದು ಯಾರಿಗೂ ಹೇಳುವುದಿಲ್ಲ. ಕಳೆದ ವರ್ಷ ಘಟ ನುಡಿಸುವ ಒಬ್ಬರು ಲಕೋಟೆ ತೆರೆದು ನೋಡಿ, "ಇಪ್ಪತ್ತಾರು ವರ್ಷದಲ್ಲಿ ಇದು ಮೊದಲನೆಯದು" ಎಂದು ದೂರವಾಣಿಯಲ್ಲಿ ಹೇಳಿದರು. ಆ ಚಿತ್ರದಲ್ಲಿಯೂ ಒಂದೆರಡು ದೋಷಗಳಿದ್ದವು.

ಹೊಸದಾಗಿ ಕ್ಯಾಮೆರಾ ಹಿಡಿದು ಕಚೇರಿಗೆ ಹೊರಡುವವರಿಗೆ ನನ್ನದೊಂದು ವಿಜ್ಞಾಪನೆ. ಮಿಂಚುದೀಪವನ್ನು ಮನೆಯಲ್ಲೇ ಅಡಗಿಸಿ. ತಾಳ ಹಾಕಲು ಕಲಿಯಿರಿ. ಕಚೇರಿಗೆ ಅರ್ಧ ಗಂಟೆ ಮೊದಲೇ ಹೋಗಿ, ಶ್ರುತಿ ಮಾಡುವವರನ್ನು ನೋಡಿ. ತನಿ ಆವರ್ತನಕ್ಕೆ ಏಳಬೇಡಿ. ಬರಿಯ ಕಿವಿಯೊಡನೆ ಬರುವ ಉಳಿದ ಮಹಾಶಯರಿಗೂ ಈ ಕೊನೆಯ ಮಾತು ಅನ್ವಯಿಸುತ್ತದೆ. ಅವರು ಕಾಫಿಗೆ ಎದ್ದರೆ ಮೃದಂಗದವರಿಗೂ ಬಲಬದಿಯಲ್ಲಿ ಕುಳಿತ ನನಗೂ ನಡುವೆ ಅಡ್ಡವಾಗುತ್ತಾರೆ.